ರಾಜ ಒಡೆಯರ್: ಪಟ್ಟಣದ ಗೆಲುವು, ತಲಕಾಡಿನ ಶಾಪ

ಮೈಸೂರು ಸಂಸ್ಥಾನಕ್ಕೆ ಭದ್ರ ಬುನಾದಿ ಹಾಕಿದ ಅರಸರು ರಾಜ ಒಡೆಯರ್. 1578ರಲ್ಲಿ ಪಟ್ಟಕ್ಕೆ ಬಂದಾಗ ಅವರು ವಿಜಯನಗರದ ಅಧೀನದಲ್ಲಿದ್ದ ಸಣ್ಣ ಪಾಳೆಯಗಾರರಾಗಿದ್ದರು. ಶ್ರೀರಂಗಪಟ್ಟಣದಲ್ಲಿ ಸಾಮ್ರಾಜ್ಯದ ಪ್ರತಿನಿಧಿಯಾಗಿ ತಿರುಮಲರಾಯನಿದ್ದನು. 1565ರ ರಕ್ಕಸತಂಗಡಿ ಸೋಲಿನ ನಂತರ ವಿಜಯನಗರದ ಹಿಡಿತ ಸಡಿಲಗೊಂಡಿತ್ತು. ಈ ಅವಕಾಶವನ್ನು ಬಳಸಿಕೊಂಡ ರಾಜ ಒಡೆಯರ್, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅದನ್ನೇ ರಾಜಧಾನಿಯಾಗಿಸಿದರು. ಅದೇ ವರ್ಷ ಅಲ್ಲಿ ನವರಾತ್ರಿಯ ದರ್ಬಾರನ್ನು ಆರಂಭಿಸಿದರು. ಇಂದಿನ ಮೈಸೂರು ದಸರೆಯ ಮೂಲ ಅದೇ. 1612ರಲ್ಲಿ ಚಕ್ರವರ್ತಿ ವೆಂಕಟಪತಿರಾಯನೂ ಈ ಅಧಿಕಾರವನ್ನು ಮಾನ್ಯ ಮಾಡಿದನು. ಮೇಲುಕೋಟೆಯ ಚೆಲುವನಾರಾಯಣನಿಗೆ ಸಲ್ಲುವ ‘ರಾಜಮುಡಿ’ ಕಿರೀಟ ಇವರ ಕಾಣಿಕೆ.

ಈ ಗೆಲುವಿನ ಇನ್ನೊಂದು ಮುಖ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿದೆ. ಪಟ್ಟಣ ತೊರೆದ ತಿರುಮಲರಾಯ ಅಲ್ಲಿಯೇ ಕೊನೆಯುಸಿರೆಳೆದನು. ಶ್ರೀರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಆತನ ಪತ್ನಿ ಅಲಮೇಲಮ್ಮನ ಬಳಿಯಿದ್ದವು. ಅವನ್ನು ತರಲು ಅರಸರು ಸೈನಿಕರನ್ನು ಕಳುಹಿಸಿದಾಗ ಆಕೆ ಕಾವೇರಿಗೆ ಹಾರಿದಳೆಂಬುದು ಐತಿಹ್ಯ. ತಲಕಾಡು ಮರಳಾಗಲಿ, ಎದುರು ದಡದ ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಸಂತಾನವಿಲ್ಲದಿರಲಿ ಎಂದು ಆಕೆ ಶಪಿಸಿದಳೆಂದು ಜನ ನಂಬುತ್ತಾರೆ.

ಮರಳಿಗೆ ವಿದ್ವಾಂಸರು ಹೇಳುವ ಕಾರಣ ಬೇರೆ. ಕಾವೇರಿಯ ತಿರುವು, ಸಮೀಪದ ಮಾಧವಮಂತ್ರಿ ಅಣೆಕಟ್ಟಿನಿಂದ ಬದಲಾದ ಹರಿವು ಹಾಗೂ ಬಯಲಾದ ನದೀಪಾತ್ರದ ಮರಳನ್ನು ಹೊತ್ತು ತರುವ ಗಾಳಿಯತ್ತ ಅವರು ಬೊಟ್ಟು ಮಾಡುತ್ತಾರೆ.

1617ರಲ್ಲಿ ರಾಜ ಒಡೆಯರ್ ನಿಧನರಾದರು. ಮೊಮ್ಮಗ ಚಾಮರಾಜ ಒಡೆಯರ್ ಪಟ್ಟವೇರಿದರು. ಗೆದ್ದವರ ನೆನಪು ದಸರೆಯಲ್ಲಿ ಉಳಿದಂತೆ, ಸೋತವರ ನೆನಪು ಈ ಶಾಪದ ಕಥೆಯಲ್ಲಿ ಉಳಿದಿದೆ.