ಗಂಜಿ ಹಾಕಿದ ನೂಲು

ಇಳಕಲ್ ಸೀರೆಯ ದಡಿ, ಸೆರಗು ನೋಡಿ ಎಲ್ಲರೂ ಹೊಗಳುತ್ತೇವೆ. ಮಗ್ಗಕ್ಕೇರುವ ಮೊದಲು ನೂಲಿಗೆ ಬಲ ಕೊಟ್ಟ ಗಂಜಿಯನ್ನು ಯಾರೂ ನೆನೆಯುವುದಿಲ್ಲ. ಮಿದುಳಿನ ಚರಿತ್ರೆಯೂ ಹೀಗೆಯೇ. ನರಕೋಶಗಳ ನಡುವೆ ತುಂಬಿಕೊಂಡ ವಸ್ತುವಿಗೆ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1856ರಲ್ಲಿ ‘ನ್ಯೂರೋಗ್ಲಿಯಾ’, ಅಂದರೆ ನರಗಳ ಅಂಟು, ಎಂದು ಹೆಸರಿಟ್ಟ. ಅದು ಬರೀ ಅಂಟಲ್ಲ, ನರಕೋಶಗಳನ್ನು ಸಾಕಿ ಸಲಹುವ ಕೋಶಗಳ ಬಳಗ ಎಂದು ತಿಳಿಯಲು ಬಹುಕಾಲ ಹಿಡಿಯಿತು. ಆ ಬಳಗದಲ್ಲಿ ನಕ್ಷತ್ರದ ಆಕಾರದವು ಆಸ್ಟ್ರೋಸೈಟುಗಳು.

ಇದನ್ನೆಲ್ಲ ನಾನು ಓದಿದ್ದು ಸಂಕಟದಿಂದ. ಬಾದಾಮಿಯಲ್ಲಿ ಕಲಿಸುತ್ತಿದ್ದಾಗ ನನ್ನ ತರಗತಿಯ ಹುಡುಗಿಯೊಬ್ಬಳು ಮಿದುಳು ಜ್ವರದಿಂದ ಬದುಕಿ ಬಂದಳು. ಮಗ್ಗಿಯನ್ನು ಪಟಪಟನೆ ಹೇಳುತ್ತಿದ್ದ ಕೂಸು ತನ್ನ ಹೆಸರು ಬರೆಯಲೂ ತಡವರಿಸಿತು. ಜ್ವರ ಹೋದ ಮೇಲೂ ಇದೇಕೆ ಹೀಗೆ ಎಂದು ಅವಳ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮಿದುಳು ಜ್ವರದ ಕಾರಣಗಳು ಹಲವು. ಅದರಲ್ಲೊಂದು ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್. ನಮ್ಮ ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನ ಕಡೆ. ವೈರಾಣು ಹೊಕ್ಕ ಕೋಶವು ಅದರ ಚೂರನ್ನು ಎಂಎಚ್‌ಸಿ ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತದೆ. ಕಾವಲಿನ ರಕ್ತಕಣಗಳು ಆ ಗುರುತು ಹಿಡಿದೇ ಬರುತ್ತವೆ. ಆರೋಗ್ಯವಂತ ಮಿದುಳಿನಲ್ಲಿ ಈ ಅಣುಗಳು ವಿರಳ. ಇಂಟರ್‌ಫೆರಾನ್ ಸೋಕಿದರೆ ಇಲಿಯ ಮಿದುಳಿನ ಕೋಶಗಳಲ್ಲಿಯೂ ಅವು ಮೂಡುತ್ತವೆಂದು 1984ರಲ್ಲಿ ವಿಜ್ಞಾನಿಗಳು ಕಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೋಜನ್ ಅಬ್ರಹಾಂ ಮತ್ತು ಆರ್. ಮಂಜುನಾಥ್, ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಯ ಆಸ್ಟ್ರೋಸೈಟುಗಳಿಗೆ ಈ ಜ್ವರದ ವೈರಾಣುವನ್ನೇ ಸೋಕಿಸಿದರು. ಎಂಎಚ್‌ಸಿಯ ಮೊದಲ ವರ್ಗದ ಅಣುಗಳು ಹೆಚ್ಚಿದವೆಂದು 2006ರಲ್ಲಿ ಪ್ರಕಟಿಸಿದರು. ಗಂಜಿ ಎಂದುಕೊಂಡದ್ದು ಕೂಗಿ ಕರೆಯಬಲ್ಲದು!

ಆದರೆ ಮಿದುಳಿನೊಳಗೆ ಕಾಳಗ ನಡೆದರೆ ಪೆಟ್ಟು ವೈರಿಗಷ್ಟೇ ಬೀಳುವುದಿಲ್ಲ. ಉರಿಯೂತದಲ್ಲಿ ನರಕೋಶಗಳೂ ಸಾಯುತ್ತವೆ. ಈ ರೋಗ ಮಿದುಳಿಗೇರಿದವರಲ್ಲಿ ನೂರಕ್ಕೆ 30ರಷ್ಟು ಮಂದಿಯವರೆಗೆ ಸಾಯಬಹುದು, ಉಳಿದವರಲ್ಲಿ ಅನೇಕರಿಗೆ ಶಾಶ್ವತ ಊನ. ಇದಕ್ಕೆ ನಾಟುವ ಔಷಧಿ ಇಂದಿಗೂ ಇಲ್ಲ. ಲಸಿಕೆ ಇದೆ.

2022ರ ಡಿಸೆಂಬರಿನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ, ನಮ್ಮ ಬಾಗಲಕೋಟೆಯೂ ಸೇರಿ, 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಿದರು. ಹುನಗುಂದದ ತಾಯಿಯೊಬ್ಬಳು, “ಅಕ್ಕೋರ, ಜ್ವರಾನ ಇಲ್ಲ, ಸೂಜಿ ಯಾಕ್ರಿ?” ಎಂದಳು. “ಜ್ವರ ಮಿದುಳಿಗೆ ಏರಿದ ಮ್ಯಾಲ ಯಾವ ಸೂಜೀನೂ ಇಲ್ಲವ್ವಾ” ಎಂದೆ. ಅವಳು ಸುಮ್ಮನೆ ಮಗನ ತೋಳು ಮುಂದೆ ಹಿಡಿದಳು.