ಕೋರ್ಫ್ ಕೋಟೆ: ಕಾಲವಲ್ಲ, ಕಾಯಿದೆ ಕೆಡವಿದ ಗೋಡೆಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಮೀಪವಾದ ಡಾರ್ಸೆಟ್ ಪ್ರಾಂತ್ಯದಲ್ಲಿ ಪರ್ಬೆಕ್ ಎಂಬ ಬೆಟ್ಟಸಾಲು ಇದೆ. ಆ ಸಾಲನ್ನು ಸೀಳಿದ ಕಣಿವೆಯ ನಡುವೆ, ಸುಮಾರು 55 ಮೀಟರ್ ಎತ್ತರದ ಒಂಟಿ ಗುಡ್ಡದ ಮೇಲೆ ಕೋರ್ಫ್ ಕೋಟೆಯ ಅವಶೇಷಗಳು ನಿಂತಿವೆ. ಹಳೆಯ ಇಂಗ್ಲಿಷಿನಲ್ಲಿ ಈ ಹೆಸರಿಗೆ ಕಡಿದ ದಾರಿ, ಕಣಿವೆ ಎಂಬ ಅರ್ಥವಿದೆ. ಪಾಳುಬಿದ್ದ ಕೋಟೆಯನ್ನು ಕಂಡಾಗ ಕಾಲವೇ ಅದನ್ನು ಕೆಡವಿತೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಕೋರ್ಫ್‌ನ ಮಟ್ಟಿಗೆ ಇದು ಸಲ್ಲದು. ಐದು ಶತಮಾನಗಳಿಗೂ ಮಿಕ್ಕಿ ದೃಢವಾಗಿ ನಿಂತಿದ್ದ ಈ ಕೋಟೆ ಹಾಳಾದದ್ದು ಸಂಸತ್ತಿನ ಒಂದು ನಿರ್ಣಯದಿಂದ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ, ಸೋತ ಜನರನ್ನು ಅಂಕೆಯಲ್ಲಿಡಲು ದೇಶದ ಉದ್ದಗಲಕ್ಕೂ ಕೋಟೆಗಳನ್ನು ಎಬ್ಬಿಸಿದನು. ಅವುಗಳಲ್ಲಿ ಹೆಚ್ಚಿನವು ಮಣ್ಣಿನ ದಿಬ್ಬದ ಮೇಲಿನ ಮರದ ಕಟ್ಟಡಗಳು. ಕೋರ್ಫ್‌ನಲ್ಲಾದರೋ ಒಳಕೋಟೆಗೆ ಮೊದಲಿನಿಂದಲೇ ಕಲ್ಲಿನ ಗೋಡೆಯಿತ್ತು. ವಿಲಿಯಮನ ಮಗ ಒಂದನೆಯ ಹೆನ್ರಿಯ ಆಳ್ವಿಕೆಯಲ್ಲಿ, 12ನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅಲ್ಲಿಯದೇ ಸುಣ್ಣಕಲ್ಲಿನಿಂದ ಸುಮಾರು 21 ಮೀಟರ್ ಎತ್ತರದ ಮುಖ್ಯ ಗೋಪುರವು ಸಿದ್ಧವಾಯಿತು.

ಮುಂದೆ ಜಾನ್ ದೊರೆ ಇಲ್ಲಿ ಅರಮನೆಯನ್ನು ಕಟ್ಟಿಸಿದನು. ಕೋಟೆಯನ್ನು ಸೆರೆಮನೆಯಾಗಿಯೂ ಬಳಸಿದನು. 1202ರಲ್ಲಿ ಫ್ರಾನ್ಸಿನ ಯುದ್ಧದಲ್ಲಿ ಸೆರೆಸಿಕ್ಕ ವೀರರಲ್ಲಿ 22 ಮಂದಿ ಇಲ್ಲಿ ಅನ್ನವಿಲ್ಲದೆ ಸತ್ತರೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. 1572ರಲ್ಲಿ ಒಂದನೆಯ ಎಲಿಜಬೆತ್ ರಾಣಿ ಕೋಟೆಯನ್ನು ಸರ್ ಕ್ರಿಸ್ಟೋಫರ್ ಹ್ಯಾಟನ್‌ಗೆ ಮಾರಿದಳು. 1635ರಲ್ಲಿ ಅದು ನ್ಯಾಯವೇತ್ತ ಸರ್ ಜಾನ್ ಬ್ಯಾಂಕ್ಸ್ ಅವರ ಕೈಸೇರಿತು.

1642ರಲ್ಲಿ ದೊರೆಗೂ ಸಂಸತ್ತಿಗೂ ಅಂತರ್ಯುದ್ಧ ಆರಂಭವಾದಾಗ ಬ್ಯಾಂಕ್ಸ್ ದೊರೆಯ ಪಕ್ಷದಲ್ಲಿದ್ದರು. ಮರುವರ್ಷ ಸಂಸತ್ತಿನ ಸೇನೆ ಕೋಟೆಯನ್ನು ಮುತ್ತಿದಾಗ ಅವರ ಪತ್ನಿ ಮೇರಿ ಬ್ಯಾಂಕ್ಸ್, ಅಲ್ಪಸಂಖ್ಯೆಯ ಕಾವಲುಪಡೆಯೊಡನೆ ಸುಮಾರು ಆರು ವಾರ ಅದನ್ನು ಕಾಪಾಡಿದರು. ಹೆಣ್ಣುಮಕ್ಕಳೂ ಗೋಡೆಯ ಮೇಲಿಂದ ಕಲ್ಲು, ಕೆಂಡಗಳನ್ನು ಸುರಿದರು. ಆದರೆ ಎರಡನೆಯ ಮುತ್ತಿಗೆಯಲ್ಲಿ, 1646ರ ಫೆಬ್ರವರಿಯಲ್ಲಿ, ಕಾವಲುಪಡೆಯ ಪಿಟ್‌ಮನ್ ಎಂಬ ಅಧಿಕಾರಿಯೇ ಹೊರಗಿನಿಂದ ನೆರವು ತರುವೆನೆಂದು ಹೇಳಿ ಶತ್ರುಸೈನಿಕರನ್ನು ಒಳಗೆ ಕರೆತಂದನು. ಫಿರಂಗಿಗೆ ಮಣಿಯದ ಕೋಟೆ ದ್ರೋಹಕ್ಕೆ ಮಣಿಯಿತು.

ಕೋಟೆ ಮತ್ತೆ ಎದುರಾಳಿಗಳಿಗೆ ಆಸರೆಯಾಗಬಾರದೆಂದು ಆ ಮಾರ್ಚಿನಲ್ಲಿ ಸಂಸತ್ತು ಅದನ್ನು ಕೆಡವಲು ನಿರ್ಣಯಿಸಿತು. ಗೋಡೆಗಳ ಬುಡವನ್ನು ಅಗೆದು ಮದ್ದು ತುಂಬಿ ಸಿಡಿಸಲಾಯಿತು. ಇಂದು ಕಾಣುವ ಬಿರುಕುಗಳಲ್ಲಿ ಆ ಕೆಲಸದ ಗುರುತನ್ನು ನಾವು ಓದಬಹುದು. ಒಂದು ಹೆಬ್ಬಾಗಿಲಿನ ಅರ್ಧಭಾಗ ಸೀಳಿಕೊಂಡು ಇಳಿಜಾರಿನಲ್ಲಿ ಜಾರಿದೆ, ಆದರೂ ಉರುಳದೆ ನಿಂತಿದೆ. ಎಂದರೆ ಕೆಡವಲು ಬಂದವರಿಗೂ ಆ ಕಟ್ಟಡ ಪೂರ್ತಿಯಾಗಿ ಸೋಲಲಿಲ್ಲ.

ಉದುರಿದ ಕಲ್ಲುಗಳೂ ವ್ಯರ್ಥವಾಗಲಿಲ್ಲ. ಕೆಳಗಿನ ಹಳ್ಳಿಯವರು ಅವನ್ನು ಹೊತ್ತು ತಂದು ತಮ್ಮ ಮನೆಗಳಿಗೆ ಬಳಸಿಕೊಂಡರು. ದೊರೆಗಳ ಗೋಡೆ ಹೀಗೆ ಒಕ್ಕಲು ಮನೆಗಳ ಗೋಡೆಯಾಯಿತು.

ಯುದ್ಧ ಮುಗಿದು 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಬ್ಯಾಂಕ್ಸ್ ಮನೆತನಕ್ಕೆ ಆಸ್ತಿ ಹಿಂದಿರುಗಿತು. ಮೇರಿಯ ಮಗ ರಾಲ್ಫ್ ಕೋಟೆಯನ್ನು ಪುನಃ ಕಟ್ಟುವ ಗೋಜಿಗೆ ಹೋಗದೆ, ಅದೇ ಪ್ರಾಂತ್ಯದ ಕಿಂಗ್‌ಸ್ಟನ್ ಲೇಸಿಯಲ್ಲಿ ಹೊಸ ಭವನವನ್ನು ಕಟ್ಟಿಸಿದನು. 1981ರಲ್ಲಿ ಆ ವಂಶದ ಇನ್ನೊಬ್ಬ ರಾಲ್ಫ್ ಬ್ಯಾಂಕ್ಸ್ ತೀರಿಕೊಂಡಾಗ, ಅವರ ಉಯಿಲಿನಂತೆ ಕೋಟೆಯೂ ಭವನವೂ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣ ಸಂಸ್ಥೆಗೆ ಸಂದವು. ಕೋರ್ಫ್‌ನ ಬೀಗದ ಕೈಗಳನ್ನು ಕಿಂಗ್‌ಸ್ಟನ್ ಲೇಸಿಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ಅವು ತೆರೆಯುತ್ತಿದ್ದ ಬಾಗಿಲುಗಳು ಮಾತ್ರ ಇಂದು ಇಲ್ಲ.