ಗೇರುಸಿಪ್ಪೆ ಎಣ್ಣೆಯ ಅಂಟು

ಗೇರುಬೀಜದಿಂದ ತಿರುಳು ತೆಗೆದ ಮೇಲೆ ಉಳಿಯುವ ಸಿಪ್ಪೆಯ ಎಣ್ಣೆಯನ್ನು ಸೇರಿಸಿ ಪ್ಲೈವುಡ್ ಮುಂತಾದ ಹಲಗೆಗಳಿಗಾಗಿ ತಯಾರಿಸುವ ರಾಳ. ಪೆಟ್ರೋಲಿಯಂನಿಂದ ಬರುವ ಫೀನಾಲ್‌ನ ಒಂದು ಪಾಲನ್ನು ಉಳಿಸುವುದು ಇದರ ಉದ್ದೇಶ.

ನೀರು ತಾಗುವ ಕಡೆ ಬಳಸುವ ಪ್ಲೈವುಡ್‌ನ ಪದರಗಳನ್ನು ಸಾಮಾನ್ಯವಾಗಿ ಫೀನಾಲ್-ಫಾರ್ಮಾಲ್ಡಿಹೈಡ್ ರಾಳದಿಂದ ಬೆಸೆಯುತ್ತಾರೆ. ಫೀನಾಲ್ ಬಳಗದ ವಸ್ತುಗಳು ಸಸ್ಯಗಳಲ್ಲಿ ಹೇರಳವಾಗಿದ್ದರೂ ಹೆಚ್ಚಿನವು ನಾರಿನೊಳಗೆ ಬಿಗಿದುಕೊಂಡಿರುತ್ತವೆ. ಗೇರುಸಿಪ್ಪೆಯಲ್ಲಿ ಹಾಗಲ್ಲ. ಅದರ ಹೊರಪದರ ಮತ್ತು ಒಳಪದರದ ನಡುವೆ ಜೇನುಹುಟ್ಟಿನಂಥ ಗೂಡುಗಳಿವೆ, ಅವುಗಳ ತುಂಬ ಈ ಎಣ್ಣೆಯೇ. ಹಸಿ ಎಣ್ಣೆಯ ಬಹುಪಾಲು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡಾಲ್. ಬೀಜ ಒಡೆಯುವವರ ಕೈ ಸುಟ್ಟು ಕಪ್ಪಾಗುವುದು ಇವುಗಳಿಂದ. ಎಣ್ಣೆಯನ್ನು ಕಾಯಿಸಿದರೆ ಆಮ್ಲವು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕಾರ್ಡನಾಲ್ ಆಗುತ್ತದೆ. ಅಂಟಿಗೆ ಬೇಕಾದದ್ದು ಅದು.

ಕಾರ್ಡನಾಲ್ ಎಂದರೆ 15 ಇಂಗಾಲಗಳ ಉದ್ದನೆಯ ಬಾಲವಿರುವ ಫೀನಾಲ್. ಅದರ ಗುಣ, ದೋಷ ಎರಡಕ್ಕೂ ಈ ಬಾಲವೇ ಕಾರಣ. ಬಾಲ ನೀರನ್ನು ದೂರವಿಡುತ್ತದೆ, ಪೆಡಸಾದ ರಾಳಕ್ಕೆ ಬಳುಕು ಕೊಡುತ್ತದೆ. ಆದರೆ ಫಾರ್ಮಾಲ್ಡಿಹೈಡ್ ಬಂದು ಕೂಡಿಕೊಳ್ಳಲು ಅಡ್ಡವಾಗುವುದರಿಂದ ರಾಳ ನಿಧಾನವಾಗಿ ಗಟ್ಟಿಯಾಗುತ್ತದೆ. ಬಿಸಿ ಪ್ರೆಸ್ಸಿನಲ್ಲಿ ಹಲಗೆ ಹೆಚ್ಚು ಹೊತ್ತು ಕೂತಷ್ಟೂ ಕಾರ್ಖಾನೆಯ ಉತ್ಪಾದನೆ ಇಳಿಯುತ್ತದೆ. ಹಾಗಾಗಿ ಪೂರ್ತಿ ಫೀನಾಲ್ ಬಿಟ್ಟು ಇದನ್ನೇ ಹಾಕುವ ಬದಲು ಒಂದಂಶ ಮಾತ್ರ ಬೆರೆಸುವುದು ರೂಢಿ. ಕಾಸ್ಟಿಕ್ ಸೋಡಾ ಇರುವ ಕೊಪ್ಪರಿಗೆಯಲ್ಲಿ ಫೀನಾಲ್, ಕಾರ್ಡನಾಲ್, ಫಾರ್ಮಾಲ್ಡಿಹೈಡ್ ಮೂರನ್ನೂ ಬೇಯಿಸಿ, ಹದಕ್ಕೆ ಬಂದ ರಾಳವನ್ನು ವೀನಿಯರ್ ಎಂಬ ತೆಳು ಮರದ ಪದರಗಳಿಗೆ ಸವರುತ್ತಾರೆ. ಕುದಿನೀರಿಗೂ ಜಗ್ಗದ ದರ್ಜೆಯೆನಿಸಿಕೊಳ್ಳಲು ಬೆಸುಗೆಯು 72 ಗಂಟೆ ಕುದಿನೀರಿನಲ್ಲಿದ್ದರೂ ಬಿಡಬಾರದು.

ಗೇರುಬೀಜದ ಕಾರ್ಖಾನೆಗಳು ಮಂಗಳೂರು, ಉಡುಪಿಯ ಸುತ್ತ ಹೆಚ್ಚಾಗಿರುವ ಕರ್ನಾಟಕಕ್ಕೆ ಇದು ಹತ್ತಿರದ ವಿಷಯ. ಬೆಂಗಳೂರಿನಲ್ಲಿ ಆರಂಭವಾದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಇಂಥ ರಾಳಗಳ ಮೇಲೆ ಕೆಲಸ ಮಾಡಿದೆ.

ಫೀನಾಲ್‌ಗೆ ಬದಲಿಯಾಗಬಲ್ಲ ಇನ್ನೊಂದು ಸಸ್ಯವಸ್ತುವಾದ ಕಬ್ಬಿನ ಸಿಪ್ಪೆಯ ಲಿಗ್ನಿನ್ ಇದರ ದಾಯಾದಿ. ಸಿಪ್ಪೆಯಿಂದ ಕಾಗದದ ತಿರುಳು ತೆಗೆಯುವಾಗ ಉಳಿಯುವ ಕಪ್ಪು ದ್ರಾವಣದಲ್ಲಿ ಅದು ಸಿಗುತ್ತದೆ. ಸರಕು ಸಾಕಷ್ಟಿದ್ದರೂ ಪ್ರತಿ ಬಾರಿಯೂ ಗುಣ ಒಂದೇ ತೆರನಾಗಿರದು, ಪ್ರತಿಕ್ರಿಯೆಗೂ ಅದು ಮಂದ.

ಸಸ್ಯಮೂಲದ ಅಂಟು ಎಂದಾಕ್ಷಣ ವಿಷವಿಲ್ಲವೆಂದು ತಿಳಿಯುವಂತಿಲ್ಲ. ಇಲ್ಲಿ ಬದಲಾಗುವುದು ಫೀನಾಲ್ ಮಾತ್ರ, ಫಾರ್ಮಾಲ್ಡಿಹೈಡ್ ಹಾಗೆಯೇ ಉಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅದನ್ನೂ ಬಿಡಬೇಕೆಂದರೆ ಎಣ್ಣೆ ತೆಗೆದ ಸೋಯಾ ಹಿಂಡಿಯ ಪ್ರೋಟೀನ್ ಅಂಟಿನಂಥ ಬೇರೆ ದಾರಿ ಹಿಡಿಯಬೇಕು.